ಬಾಜಿಯಿಲ್ಲದ ಇಸ್ಪೀಟು: ಫ್ರೀಸೆಲ್ ಆಡುವ ಬಗೆ

ನಮ್ಮ ಮನೆಯೊಳಗೆ ಇಸ್ಪೀಟಿನ ಎಲೆ ಎಂದೂ ಬಂದದ್ದಿಲ್ಲ. ನಮ್ಮ ಚಿಕ್ಕಪ್ಪನವರು ಎಲೆಯಾಟದಲ್ಲಿ ತಮ್ಮ ಪಾಲಿನ ಅಂಗಡಿಯನ್ನೇ ಕಳೆದುಕೊಂಡಿದ್ದರು. ಜೂಜು ಸಪ್ತವ್ಯಸನಗಳಲ್ಲಿ ಒಂದೆಂದು ನಮಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ, ಕಣ್ಣಾರೆ ಕಂಡಿದ್ದೆವು. ಅಂಥವರು ಈಗ ದಿನಾಲೂ ಒಂದು ತಾಸು ಎಲೆ ಆಡುತ್ತೇವೆಂದರೆ ಓದುಗ ಬಂಧುಗಳು ಹುಬ್ಬೇರಿಸಬಹುದು.

ಅಂಗಡಿ ಮಕ್ಕಳ ಕೈಗೆ ಹೋದ ಮೇಲೆ ಸಂಜೆ ಉದ್ದವಾಯಿತು. ಹೊತ್ತು ಮುಳುಗುವ ಮುಂಚೆ ಊಟ ಮುಗಿಯುತ್ತದೆ. ಬಸದಿಗೆ ಹೋಗಿ ಬಂದರೂ ಮಲಗಲು ಇನ್ನೂ ಎರಡು ಮೂರು ತಾಸು ಉಳಿಯುತ್ತದೆ. ಒಂದು ದಿನ ಮೊಮ್ಮಗ ಕಂಪ್ಯೂಟರಿನಲ್ಲಿ ಫ್ರೀಸೆಲ್ ತೆರೆದಿಟ್ಟ. ನಮ್ಮ ಮನೆಯವರು ಬಾಗಿಲಲ್ಲೇ ನಿಂತು, "ಇಸ್ಪೀಟ ನಮ್ಮ ಮನ್ಯಾಗ ಬ್ಯಾಡ್ರಿ" ಎಂದರು. "ಇದರಾಗ ಎದುರಿಗೆ ಯಾರೂ ಇಲ್ಲಜ್ಜಿ, ರೊಕ್ಕಾನೂ ಇಲ್ಲ" ಎಂದ ಹುಡುಗ.

ಒಬ್ಬರೇ ಆಡುವ ಇಸ್ಪೀಟಿಗೆ ಸಾಲಿಟೇರ್ ಎಂದು ಹೆಸರು. 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ಆಟದಲ್ಲಿ ಹಲವು ಎಲೆಗಳು ಬೋರಲಾಗಿರುತ್ತವೆ, ಅದೃಷ್ಟದ ಪಾಲು ದೊಡ್ಡದು. ಫ್ರೀಸೆಲ್‌ನಲ್ಲಿ 52 ಎಲೆಗಳೂ ಮೊದಲೇ ಕಣ್ಣೆದುರು ಬಿಚ್ಚಿರುತ್ತವೆ. ಪಾಲ್ ಆಲ್ಫಿಲ್ ಎಂಬವರು 1978ರಲ್ಲಿ ಅಮೆರಿಕದ ಪ್ಲೇಟೋ ಎಂಬ ಗಣಕ ವ್ಯವಸ್ಥೆಗಾಗಿ ಇದನ್ನು ಬರೆದರು. ವಿಂಡೋಸ್ 95 ಜೊತೆ ಅದು ಮನೆಮನೆಗೆ ಬಂತು.

ಆಡುವುದು ಹೀಗೆ. ಎಲೆಗಳು ಎಂಟು ಸಾಲಾಗಿ ಬೀಳುತ್ತವೆ. ಮೊದಲ ನಾಲ್ಕರಲ್ಲಿ ಏಳೇಳು, ಉಳಿದವುಗಳಲ್ಲಿ ಆರಾರು. ಮೇಲ್ಗಡೆ ಒಂದು ಬದಿಗೆ ನಾಲ್ಕು ಖಾಲಿ ಖಾನೆ, ಇನ್ನೊಂದು ಬದಿಗೆ ನಾಲ್ಕು ಮನೆ. ಪ್ರತಿ ಬಣ್ಣದ ಎಕ್ಕಾದಿಂದ ರಾಜನವರೆಗೆ ಕ್ರಮವಾಗಿ ಮನೆ ತುಂಬಿದರೆ ಗೆದ್ದಂತೆ. ಸಾಲುಗಳಲ್ಲಿ ಮಾತ್ರ ಇಳಿಕೆಯ ಕ್ರಮ: ಕರಿ ಎಂಟರ ಮೇಲೆ ಕೆಂಪು ಏಳು, ಅದರ ಮೇಲೆ ಕರಿ ಆರು. ಇಸ್ಪೀಕ್, ಕಿಲವರ ಕರಿ. ಬದಾಮ, ಚೌಕಟ ಕೆಂಪು. ಸಾಲಿನ ತುದಿಯ ಎಲೆಯನ್ನಷ್ಟೇ ಎತ್ತಬಹುದು. ಅಡ್ಡ ಬಂದ ಎಲೆಯನ್ನು ಖಾನೆಯಲ್ಲಿಡಬಹುದು, ಖಾನೆಗೆ ಒಂದೇ.

ಆಟದ ಮರ್ಮವೆಲ್ಲ ಈ ಖಾನೆಗಳಲ್ಲಿದೆ. ನಾಲ್ಕೂ ಖಾಲಿಯಿದ್ದರೆ ಕ್ರಮವಾಗಿ ಕೂಡಿದ ಐದು ಎಲೆಗಳನ್ನು ಒಟ್ಟಿಗೆ ಸಾಗಿಸಬಹುದು. ಎರಡೇ ಖಾಲಿಯಿದ್ದರೆ ಮೂರು. ಜೊತೆಗೆ ಒಂದು ಇಡೀ ಸಾಲು ಬರಿದಾಗಿದ್ದರೆ ಈ ಲೆಕ್ಕ ಇಮ್ಮಡಿ. ನಾವು ಮೊದಲ ವಾರ ಹತ್ತೇ ನಡೆಗಳಲ್ಲಿ ನಾಲ್ಕೂ ಖಾನೆ ತುಂಬಿ ಕೈಕಟ್ಟಿ ಕೂಡುತ್ತಿದ್ದೆವು. ಒಂದು ದೀಪಾವಳಿಗೆ ಇದೇ ತಪ್ಪು ಮಾಡಿದ್ದು ನೆನಪಾಯಿತು. ವಖಾರದ ತುಂಬ ನೂಲು ಪೇರಿಸಿದ್ದೆವು, ಗಲ್ಲಾದಲ್ಲಿ ರೋಖ ಇರಲಿಲ್ಲ. ದರ ಇಳಿದಾಗ ಒಂದು ಪೆಂಡಿ ಕೂಡ ಅಲುಗಲಿಲ್ಲ. ಅದನ್ನು ತುಂಬಿಕೊಳ್ಳಲು ಮೂರು ವರ್ಷ ಹಿಡಿಯಿತು. ಇಲ್ಲಿ ಹೊಸ ಆಟ ಒತ್ತಿದರಾಯಿತು.

ಆದ್ದರಿಂದ ಮೊದಲು ಎಕ್ಕಾ, ದುರ್ರಿಗಳು ಯಾವ ಸಾಲಿನ ತಳದಲ್ಲಿ ಹೂತಿವೆ ನೋಡಿರಿ. ಆ ಸಾಲನ್ನೇ ಮೊದಲು ಬಿಡಿಸಿರಿ. ಬರಿದಾದ ಸಾಲಿಗೆ ಯಾವ ಎಲೆಯನ್ನಾದರೂ ಇಡಬಹುದೆಂದು ಅವಸರದಿಂದ ತುಂಬಬೇಡಿರಿ. ತಪ್ಪಿದರೆ ನಡೆ ಹಿಂದಕ್ಕೆ ಪಡೆಯುವ ಗುಂಡಿಯಿದೆ. ಕೀರ್ದಿಯಲ್ಲಿ ಗೀಚು ಹಾಕುವುದು ನಮಗೆ ಸೇರದು. ಇಲ್ಲಿ ಮಾತ್ರ ಧಾರಾಳವಾಗಿ ಹಾಕುತ್ತೇವೆ.

ಒಂದು ಎಚ್ಚರಿಕೆ. ಪುಕ್ಕಟೆ ಆಟದ ಪಕ್ಕದಲ್ಲೇ ಹಣ ಕಟ್ಟಿ ರಮ್ಮಿ ಆಡಿರೆಂಬ ಜಾಹೀರಾತು ನಮ್ಮ ಮೊಬೈಲಿನಲ್ಲೂ ಬಂದಿತ್ತು. ಚಿಕ್ಕಪ್ಪನವರ ಅಂಗಡಿ ಹೋದ ದಾರಿ ಅದೇ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಿತು. ಆದರೂ ಫ್ರೀಸೆಲ್ ಹೆಸರಿನಲ್ಲಿ ಬ್ಯಾಂಕಿನ ವಿವರ ಕೇಳಿದರೆ ಆ ಪುಟವನ್ನು ಮುಚ್ಚಿರಿ. ಈ ಆಟಕ್ಕೆ ಅದು ಬೇಕಿಲ್ಲ.

ವಿಂಡೋಸ್ 95ರ ಆಟದಲ್ಲಿ 32,000 ಹಂಚಿಕೆಗಳಿದ್ದವು, ಪ್ರತಿಯೊಂದಕ್ಕೂ ನಂಬರು. ಅಂತರ್ಜಾಲದ ಉತ್ಸಾಹಿಗಳು 1994-95ರಲ್ಲಿ ಅವುಗಳನ್ನು ಹಂಚಿಕೊಂಡು ಬಿಡಿಸಿದರು. ಉಳಿದದ್ದು ಒಂದೇ, 11982. ಮುಂದೆ ಗಣಕಗಳಿಗೂ ಅದು ಬಗ್ಗಲಿಲ್ಲ. ನಂಬರು ಆರಿಸಿ ಆಡುವ ಸೌಲಭ್ಯ ಇಂದಿಗೂ ಹಲವೆಡೆ ಇದೆ. ಆಗದೆಂದು ತಿಳಿದೂ ನಾವು ಎಂಟು ದಿನ ಅದರೊಡನೆ ಗುದ್ದಾಡಿದೆವು. ಒಂಬತ್ತನೆಯ ದಿನ ಹಿಂದಿನಿಂದ ನಮ್ಮ ಮನೆಯವರ ದನಿ ಕೇಳಿತು: "ಆ ಬದಾಮ ಆರು ಅಲ್ಲಿ ಯಾಕ ಇಟ್ಟೀರಿ?"