ಅರಮನೆ, ಕಚೇರಿ, ವಿಧಾನಸಭೆ: ಮಡಿಕೇರಿ ಕೋಟೆಯ ಮೂರು ಶತಮಾನ

ಮಡಿಕೇರಿಗೆ ಬಂದವರು ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಅಬ್ಬಿ ಜಲಪಾತಕ್ಕೆ ಹೋಗಿಬಂದು, ಕಾಫಿಪುಡಿ ಕೊಂಡು ಊರಿಗೆ ಮರಳುತ್ತಾರೆ. ಪೇಟೆಯ ನಡುವಿನ ದಿಬ್ಬದ ಮೇಲಿರುವ ಕೋಟೆಗೆ ಹತ್ತುವವರು ಕಡಿಮೆ. ಚಿತ್ರದುರ್ಗದ ಏಳು ಸುತ್ತನ್ನು ಕಂಡವರಿಗೆ ಇದು ಪುಟ್ಟದಾಗಿ ಕಾಣಬಹುದು. ಆದರೆ ಕೊಡಗನ್ನು ಆಳಿದವರೆಲ್ಲ ಬಂದು ಕೂತದ್ದು ಇಲ್ಲಿಯೇ.

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತಂದಾಗ ಇಲ್ಲಿ ಎದ್ದದ್ದು ಮಣ್ಣಿನ ಕೋಟೆ. ಮುಂದೆ ಕೊಡಗನ್ನು ಹಿಡಿದ ಟಿಪ್ಪು ಸುಲ್ತಾನ ಅದನ್ನು ಕಲ್ಲಿನಲ್ಲಿ ಕಟ್ಟಿಸಿ, ಜಾಫರಾಬಾದ್ ಎಂದು ಹೆಸರಿಟ್ಟ. ಇಂದು ಕಾಣುವ ಆರು ಮೂಲೆಗಳ ಗೋಡೆ, ಮೂಲೆ ಮೂಲೆಗೂ ದುಂಡನೆಯ ಬುರುಜು, ಪೂರ್ವದಲ್ಲಿ ನೇರವಾಗಿ ನುಗ್ಗಲಾಗದಂತೆ ಸುತ್ತಿ ಬಳಸಿ ಒಳಹೋಗುವ ಬಾಗಿಲು, ಎಲ್ಲವೂ ಯುದ್ಧದ ಲೆಕ್ಕಾಚಾರವೇ.

ಆ ಕೋಟೆಯನ್ನು ಹಾಲೇರಿ ಅರಸ ದೊಡ್ಡ ವೀರರಾಜೇಂದ್ರ ಮರಳಿ ಪಡೆದ ಬಗೆ ನನಗೆ ಬಹಳ ಮೆಚ್ಚು. ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ಆತ ಕೊಡವರನ್ನು ಕೂಡಿಸಿಕೊಂಡು ಟಿಪ್ಪುವಿನ ಠಾಣ್ಯಗಳನ್ನು ಒಂದೊಂದಾಗಿ ಕಿತ್ತ. ಕೊನೆಗೆ ಉಳಿದದ್ದು ಮಡಿಕೇರಿ. ಅಲ್ಲಿದ್ದ ಪಡೆಗೆ ದವಸ ತರುತ್ತಿದ್ದ ಸರದಾರ ಖಾದರ್ ಖಾನ್ ದಾರಿಯಲ್ಲೇ ಅರಸನ ಕೈಗೆ ಸಿಕ್ಕಿಬಿದ್ದ. ಆದರೆ ಅರಸನ ಮನೆಯವರು ಸೆರೆಯಲ್ಲಿದ್ದಾಗ ಉಪಕಾರ ಮಾಡಿದವನು ಅವನು. ಆ ಋಣಕ್ಕಾಗಿ ಅರಸ ಅವನನ್ನೂ ಅವನು ತಂದ ದವಸವನ್ನೂ ಕೋಟೆಯೊಳಕ್ಕೆ ಬಿಟ್ಟ. ದವಸ ಮುಗಿದು ಕೋಟೆ ಶರಣಾದಾಗ ಒಳಗಿದ್ದವರನ್ನು ಜೀವಸಹಿತ ಕಳುಹಿಸಿಕೊಟ್ಟ. ಹಾಲೇರಿ ಅರಸರ ಕ್ರೌರ್ಯದ ಕಥೆಗಳನ್ನು ಹೇಳುವಾಗ ಇದನ್ನೂ ಜೊತೆಗೆ ಹೇಳಬೇಕು.

ಒಳಗಿನ ಎರಡಂತಸ್ತಿನ ಅರಮನೆಗೆ ಈಗಿನ ರೂಪ ಬಂದದ್ದು 1812ರಿಂದ 1814ರ ನಡುವೆ, ಲಿಂಗರಾಜೇಂದ್ರನ ಕಾಲದಲ್ಲಿ. ಪೇಟೆಯ ಓಂಕಾರೇಶ್ವರ ದೇಗುಲವನ್ನು ಕಟ್ಟಿಸಿದವನೂ ಅವನೇ. ಅವನ ಮಗ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಕಂಪನಿ ಸರ್ಕಾರ ಪಟ್ಟದಿಂದಿಳಿಸಿ ಕಾಶಿಗೆ ಕಳಿಸಿತು. ಅರಸು ಹೋದ ಮೇಲೆ ಅರಮನೆ ಕಚೇರಿಯಾಯಿತು. ಮೂರೇ ವರ್ಷಕ್ಕೆ ಅದೇ ಕೋಟೆಯ ಇನ್ನೊಂದು ಮುಖವನ್ನು ಜನ ಕಂಡರು: ಕಂಪನಿಯ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಕೋಟೆಯ ಬಳಿಯೇ, ಮನೆಯವರ ಕಣ್ಣೆದುರಿಗೆ ಗಲ್ಲಿಗೇರಿಸಲಾಯಿತು.

1855ರಲ್ಲಿ ಬ್ರಿಟಿಷರು ಕೋಟೆಯ ಒಳಗಿದ್ದ ವೀರಭದ್ರ ಗುಡಿಯನ್ನು ತೆಗೆಸಿ, ಆ ಜಾಗದಲ್ಲಿ ಸೇಂಟ್ ಮಾರ್ಕ್ ಚರ್ಚನ್ನು ಕಟ್ಟಿದರು. ಬಣ್ಣದ ಗಾಜಿನ ಕಿಟಕಿಗಳ ಆ ಚರ್ಚು ಚೆಂದವೇ. ಆದರೆ ಗುಡಿಯನ್ನು ಕೆಡವಿದ್ದು ದಬ್ಬಾಳಿಕೆ ಎನ್ನಲು ಹಿಂಜರಿಯಬೇಕಿಲ್ಲ. ಬ್ರಿಟಿಷರು ಹೋದ ಬಳಿಕ ಮುಚ್ಚಿದ್ದ ಆ ಕಟ್ಟಡ 1971ರಲ್ಲಿ ರಾಜ್ಯ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಾಯಿತು. ಈಗ ಅಲ್ಲಿ ವೀರಗಲ್ಲುಗಳೂ ಜಿನಮೂರ್ತಿಗಳೂ ಇವೆ. ಕೋಟೆಯ ಗಣಪತಿಗೆ ಮಾತ್ರ ಇಂದಿಗೂ ಪೂಜೆ ನಡೆಯುತ್ತಿದೆ.

ಸ್ವಾತಂತ್ರ್ಯದ ನಂತರ ಕೊಡಗು ಕೆಲಕಾಲ ಪ್ರತ್ಯೇಕ ‘ಸಿ’ ದರ್ಜೆಯ ರಾಜ್ಯವಾಗಿತ್ತು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, 24 ಸದಸ್ಯರ ವಿಧಾನಸಭೆ. ಅದು ಕೂಡುತ್ತಿದ್ದುದು ಈ ಕೋಟೆಯಲ್ಲಿ. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಜಿಲ್ಲಾಧಿಕಾರಿಗಳ ಕಚೇರಿ, ಜೈಲು, ಗ್ರಂಥಾಲಯ ಎಲ್ಲಕ್ಕೂ ಇದೇ ನೆಲೆ. ಅರಸನ ಕಾಲದಲ್ಲಿ ಹೊರಗೇ ನಿಲ್ಲುತ್ತಿದ್ದ ರೈತರ ಮೊಮ್ಮಕ್ಕಳು ಪಹಣಿಗಾಗಿ, ಅಹವಾಲಿಗಾಗಿ ಅರಮನೆಯ ಮೆಟ್ಟಿಲು ಹತ್ತಿದರು.

ಕಚೇರಿಗಳಿಂದ ಅರಮನೆಗೆ ಪೆಟ್ಟು ಬಿದ್ದದ್ದು ನಿಜ. ಆದರೂ ಕೊಡಗಿನಂಥ ಮಳೆಯ ಸೀಮೆಯಲ್ಲಿ, ಜನರ ಬಳಕೆಯಿಲ್ಲದೆ ಇಷ್ಟು ಕಾಲ ಅದರ ಮಾಡು ನಿಲ್ಲುತ್ತಿತ್ತೇ ಎಂಬ ಅನುಮಾನ ನನ್ನದು. ಈಗ ಜಿಲ್ಲಾಧಿಕಾರಿಗಳ ಕಚೇರಿ ಹೊಸ ಕಟ್ಟಡಕ್ಕೆ ಹೋಗಿದೆ. ಅರಮನೆಯ ಜೀರ್ಣೋದ್ಧಾರದ ಹೊಣೆ ಹೊತ್ತವರಲ್ಲಿ ಒಂದು ಬಿನ್ನಹ: ಇದನ್ನು ಬರೀ ಅರಸರ ಮನೆಯೆಂದು ತೋರಿಸಬೇಡಿ. ಶಾಸಕರು ಕೂತ ಸಭಾಂಗಣ, ಕೈದಿಗಳಿದ್ದ ಜೈಲು, ಗುಮಾಸ್ತರು ಕಡತ ಜೋಡಿಸಿಟ್ಟ ಕೋಣೆ, ಇವಕ್ಕೂ ಕನ್ನಡದಲ್ಲಿ ಒಂದೊಂದು ಫಲಕ ಇರಲಿ.