ದೆಹಲಿಯಿಂದ ಬಾಳೆಹೊಸೂರಿಗೆ: ಒಂದು ಕಾನೂನಿನ ದಾರಿ

ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲೂಕಿನ ಬಾಳೆಹೊಸೂರಿನಲ್ಲಿ ಹದಿನೆಂಟು ತುಂಬಿದ ಮತದಾರ ಐದು ಸಭೆಗಳಿಗೆ ಪ್ರತಿನಿಧಿಗಳನ್ನು ಆರಿಸುವ ಹಕ್ಕುಳ್ಳವನು. ಗ್ರಾಮ, ತಾಲೂಕು ಮತ್ತು ಜಿಲ್ಲಾ ಪಂಚಾಯಿತಿಗಳು ಮೂರು. ಬೆಂಗಳೂರಿನ ವಿಧಾನಸಭೆ ನಾಲ್ಕನೆಯದು, ದೆಹಲಿಯ ಲೋಕಸಭೆ ಐದನೆಯದು. ವಿಧಾನಸಭೆಗೆ ಅವನದು ಶಿರಹಟ್ಟಿ ಕ್ಷೇತ್ರ. ಲೋಕಸಭೆಗೆ ಪಕ್ಕದ ಜಿಲ್ಲೆಯ ಹೆಸರಿನ ಹಾವೇರಿ ಕ್ಷೇತ್ರ.

ಇಷ್ಟೊಂದು ಸಭೆಗಳೇಕೆ? ಯಾವುದರ ಕೆಲಸ ಯಾವುದು? ವಿದ್ಯಾರ್ಥಿಗಳು ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ, ಆಮೇಲೆ ಮರೆಯುತ್ತಾರೆ. ಊರಿನ ಪಂಚಾಯಿತಿಗೆ ಬಲ ಕೊಟ್ಟ ಕಾನೂನು ನಡೆದು ಬಂದ ದಾರಿಯನ್ನು ನೋಡಿದರೆ ವಿಷಯ ಮನಸ್ಸಿನಲ್ಲಿ ನಿಲ್ಲುತ್ತದೆ.

ಮೂರು ಪಟ್ಟಿಗಳು

ಸಂವಿಧಾನದ ಏಳನೆಯ ಅನುಸೂಚಿ ಕಾನೂನು ಮಾಡುವ ಅಧಿಕಾರವನ್ನು ಮೂರು ಪಟ್ಟಿಗಳಲ್ಲಿ ಹಂಚಿದೆ. ರಕ್ಷಣೆ, ರೈಲ್ವೆ, ನಾಣ್ಯ ಕೇಂದ್ರದ ಪಟ್ಟಿಯಲ್ಲಿವೆ. ಪೊಲೀಸ್, ಕೃಷಿ, ಸಾರ್ವಜನಿಕ ಆರೋಗ್ಯ ರಾಜ್ಯದವು. ಮದುವೆ, ಅರಣ್ಯ, ಶಿಕ್ಷಣ ಮುಂತಾದವು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ. ಶಿಕ್ಷಣ ಮೊದಲು ರಾಜ್ಯದ ಪಟ್ಟಿಯಲ್ಲಿತ್ತು. 1976ರ 42ನೆಯ ತಿದ್ದುಪಡಿ ಅದನ್ನು ಇಲ್ಲಿಗೆ ತಂದಿತು. ಸಮವರ್ತಿ ವಿಷಯದಲ್ಲಿ ಎರಡು ಕಾನೂನುಗಳು ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಸಂಸತ್ತಿನ ಮಾತೇ ನಡೆಯುತ್ತದೆ.

ಸ್ಥಳೀಯ ಆಡಳಿತ ರಾಜ್ಯದ ಪಟ್ಟಿಗೆ ಸೇರಿದ ವಿಷಯ. ಹೀಗಾಗಿ ಪಂಚಾಯಿತಿಗೆ ಎಷ್ಟು ಅಧಿಕಾರ, ಎಷ್ಟು ಹಣ ಎಂಬುದು ಬಹುಕಾಲ ಆಯಾ ರಾಜ್ಯ ಸರ್ಕಾರದ ಮರ್ಜಿಯಾಗಿತ್ತು.

ಕೆಳಗಿನಿಂದ ಮೇಲಕ್ಕೆ

ಕರ್ನಾಟಕ ಈ ವಿಷಯದಲ್ಲಿ ಮುಂದೆ ನಡೆಯಿತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ 1983ರ ಶಾಸನ ರೂಪುಗೊಂಡಿತು. ಅದರಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು, ಮಂಡಲ ಪಂಚಾಯಿತಿಗಳು ಬಂದವು. ಮಹಿಳೆಯರಿಗೆ ಶೇ. 25 ಸ್ಥಾನಗಳನ್ನು ಮೀಸಲಿಡಲಾಗಿತ್ತು. ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊರೆಸಿದ ನಜೀರ್ ಸಾಬರನ್ನು ಜನ ‘ನೀರ್ ಸಾಬ್’ ಎಂದೇ ಕರೆದರು.

ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಸ್ಥಾನ ಕೊಡುವ ಮಸೂದೆಯನ್ನು ರಾಜೀವ್ ಗಾಂಧಿ ಸರ್ಕಾರ 1989ರಲ್ಲಿ ತಂದಿತು. ಲೋಕಸಭೆ ಒಪ್ಪಿತು, ಅದೇ ಅಕ್ಟೋಬರಿನಲ್ಲಿ ರಾಜ್ಯಸಭೆಯಲ್ಲಿ ಅಗತ್ಯ ಬಹುಮತ ಸಿಗದೆ ಮಸೂದೆ ಬಿದ್ದುಹೋಯಿತು. ಸಾಮಾನ್ಯ ಮಸೂದೆಯಾಗಿದ್ದರೆ ಎರಡೂ ಸದನಗಳನ್ನು ಒಟ್ಟಿಗೆ ಕೂರಿಸಿ ತೀರ್ಮಾನಿಸಬಹುದಿತ್ತು. 1961ರಲ್ಲಿ ವರದಕ್ಷಿಣೆ ನಿಷೇಧ ಮಸೂದೆಗೆ ಹಾಗೆಯೇ ಜಂಟಿ ಅಧಿವೇಶನ ಸೇರಿತ್ತು. ಸಂವಿಧಾನ ತಿದ್ದುಪಡಿಗೆ ಆ ದಾರಿಯಿಲ್ಲ. ಎರಡೂ ಸದನಗಳು ಬೇರೆ ಬೇರೆಯಾಗಿಯೇ ಒಪ್ಪಬೇಕು.

ಮೇಲಿನಿಂದ ಕೆಳಕ್ಕೆ

ಪಿ.ವಿ. ನರಸಿಂಹ ರಾವ್ ಅವರ ಕಾಲದಲ್ಲಿ, 1992ರ ಡಿಸೆಂಬರಿನಲ್ಲಿ, 73ನೆಯ ತಿದ್ದುಪಡಿಗೆ ಎರಡೂ ಸದನಗಳ ಒಪ್ಪಿಗೆ ಸಿಕ್ಕಿತು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳ ವಿಧಾನಮಂಡಲಗಳು ಅನುಮೋದಿಸಿದವು. ರಾಷ್ಟ್ರಪತಿಯವರ ಅಂಕಿತದೊಂದಿಗೆ 1993ರ ಏಪ್ರಿಲ್ 24ರಂದು ಅದು ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೆ ಕನಿಷ್ಠ ಮೂರನೇ ಒಂದರಷ್ಟು ಸ್ಥಾನ, ಸ್ವತಂತ್ರ ರಾಜ್ಯ ಚುನಾವಣಾ ಆಯೋಗ, ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಇವೆಲ್ಲ ಅದರಲ್ಲಿದ್ದವು.

ಆದರೆ ಸಂವಿಧಾನ ಹಾಕಿದ್ದು ಅಡಿಪಾಯ. ಗೋಡೆ ಕಟ್ಟಬೇಕಾದದ್ದು ರಾಜ್ಯ. 224 ಸದಸ್ಯರ ವಿಧಾನಸಭೆ, 75 ಸದಸ್ಯರ ವಿಧಾನ ಪರಿಷತ್ತು ಕೂಡಿದ ಕರ್ನಾಟಕ ವಿಧಾನಮಂಡಲ ಹೊಸ ಪಂಚಾಯತ್ ರಾಜ್ ಶಾಸನ ಮಾಡಿತು. ಅದು 1993ರ ಮೇ 10ರಿಂದ ಜಾರಿಯಾಯಿತು. ಮಸೂದೆಯನ್ನು ಮಂಡಿಸುವುದು, ಕಲಮು ಕಲಮಾಗಿ ಚರ್ಚಿಸುವುದು, ಮತಕ್ಕೆ ಹಾಕುವುದು, ರಾಜ್ಯಪಾಲರ ಅಂಕಿತ ಪಡೆಯುವುದು ಇಲ್ಲಿನ ಕ್ರಮ. ಪರಿಷತ್ತು ಸಾಮಾನ್ಯ ಮಸೂದೆಯನ್ನು ಕೆಲವು ತಿಂಗಳು ತಡೆಯಬಹುದೇ ಹೊರತು ಕೊಲ್ಲಲಾರದು. ಕೊನೆಯ ಮಾತು ವಿಧಾನಸಭೆಯದು.

ಪರಿಷತ್ತಿನ 75ರಲ್ಲಿ 25 ಸ್ಥಾನಗಳನ್ನು ತುಂಬುವವರು ಸ್ಥಳೀಯ ಸಂಸ್ಥೆಗಳ ಸದಸ್ಯರು. ಅಂದರೆ ಬಾಳೆಹೊಸೂರಿನ ಪಂಚಾಯಿತಿ ಸದಸ್ಯೆಯೊಬ್ಬಳು ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಮತದಾರಳೂ ಹೌದು. ಕೆಳಗಿನ ಮನೆಯವರಿಗೆ ಮೇಲಿನ ಮನೆಯಲ್ಲಿ ಇಷ್ಟಾದರೂ ದನಿಯಿದೆ.

ಖಾಲಿ ಬಿದ್ದ ಕುರ್ಚಿಗಳು

ಮೇಲಿನ ಮನೆ ಕೊಡುವುದೂ ಉಂಟು, ತಡೆಯುವುದೂ ಉಂಟು. 2016ರಲ್ಲಿ ಆಯ್ಕೆಯಾದ ತಾಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿಯಬೇಕೆಂದು ಸಂವಿಧಾನ ಹೇಳುತ್ತದೆ. ಆದರೆ ಅದೇ ವರ್ಷ ವಿಧಾನಮಂಡಲ ಶಾಸನಕ್ಕೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ವಹಿಸಿತು. ಮುಂದೆ ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ವರ್ಷಗಳು ಉರುಳಿದವು. ಚುನಾಯಿತರು ಕೂರಬೇಕಾದಲ್ಲಿ ಆಡಳಿತಾಧಿಕಾರಿಗಳು ಕುಳಿತರು.

ಇದರಿಂದ ಹಳ್ಳಿಗೆ ಏನು ನಷ್ಟ? ಜಿಲ್ಲೆಯ ಯೋಜನೆಯನ್ನು ಹೊಂದಿಸುವ ಜಿಲ್ಲಾ ಯೋಜನಾ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣದ ಸಂಸ್ಥೆಗಳ ಚುನಾಯಿತರಿಂದ ಬರಬೇಕು. ಶಾಲೆಯ ಕೊಠಡಿಯೋ ಆಸ್ಪತ್ರೆಯೋ ಏಕೆ ಆಗಲಿಲ್ಲವೆಂದು ಸಭೆಯಲ್ಲಿ ಎದ್ದು ಕೇಳುವವರು ಅವರು. ಅಧಿಕಾರಿ ಎಷ್ಟೇ ಸಮರ್ಥನಿರಲಿ, ಅವನು ಮತ ಕೇಳಲು ಮನೆಬಾಗಿಲಿಗೆ ಬರುವವನಲ್ಲ.

ಎಲ್ಲರೂ ಸದಸ್ಯರಾದ ಸಭೆ

ಉಳಿದ ಸಭೆಗಳಿಗೆ ಪ್ರತಿನಿಧಿಯನ್ನು ಕಳಿಸಬೇಕು. ಗ್ರಾಮಸಭೆಯಲ್ಲಿ ಮಾತ್ರ ಪ್ರತಿಯೊಬ್ಬ ಮತದಾರನೂ ಸದಸ್ಯ. ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಕೂಡದು. ಅದು ಶಾಸನ ಮಾಡುವ ಸಭೆಯಲ್ಲ, ನಿಜ. ಆದರೆ ಮನೆ ಯಾರಿಗೆ, ಯಾವ ಕಾಮಗಾರಿ ಮೊದಲು, ಹಣ ಹೇಗೆ ಖರ್ಚಾಯಿತು ಎಂದು ಕೇಳುವ ಜಾಗ ಅದೇ.

ಈ ನೆಲಕ್ಕೆ ಇದು ಹೊಸದೂ ಅಲ್ಲ. ಪುಲಿಗೆರೆ ಎಂದು ಹೆಸರಾಗಿದ್ದ ಲಕ್ಷ್ಮೇಶ್ವರದಲ್ಲಿ ಎಂಟನೆಯ ಶತಮಾನದ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ಅರಸನ ಅಧಿಕಾರಿಗಳಿಗೂ ಊರಿನ ಮಹಾಜನರು, ನಗರದವರು ಮತ್ತು ಹದಿನೆಂಟು ಪ್ರಕೃತಿಗಳಿಗೂ ಇದ್ದ ಹಕ್ಕು-ಬಾಧ್ಯತೆಗಳನ್ನು ಅದು ಗೊತ್ತುಮಾಡುತ್ತದೆ. ಅರಮನೆಗೆ ಊರು ಸಲ್ಲಿಸುವುದೇನು, ಊರಿಗೆ ಅರಮನೆ ಸಲ್ಲಿಸುವುದೇನು ಎಂದು ಕಲ್ಲಿನಲ್ಲಿ ಬರೆಸಿದರು.

ಇಂದು ಕಲ್ಲಿನ ಬದಲು ಕಾಗದವಿದೆ. ಗ್ರಾಮಸಭೆಯ ದಿನ ಡಂಗುರ ಕೇಳಿದಾಗ ತಂದೆತಾಯಿಗಳು ಹೈಸ್ಕೂಲು ಓದುವ ಮಕ್ಕಳನ್ನೂ ಜೊತೆಗೆ ಕರೆದೊಯ್ಯಲಿ. ಮಕ್ಕಳಿಗೆ ಮತವಿಲ್ಲದಿರಬಹುದು, ನಡಾವಳಿ ಪುಸ್ತಕದಲ್ಲಿ ಏನು ಬರೆದುಕೊಂಡರು ಎಂದು ಓದಿ ಹೇಳುವಷ್ಟು ಅಕ್ಷರ ಅವರಿಗೆ ಬರುತ್ತದೆ.