ಕೂದಲು ಕೀಳುವ ಹಾಗೂ ಚರ್ಮ ಚಿವುಟಿಕೊಳ್ಳುವ ಗೀಳು: ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ತಲೆಗೂದಲು, ಹುಬ್ಬು ಅಥವಾ ಕಣ್ಣಿನ ರೆಪ್ಪೆಯ ಕೂದಲನ್ನು ಪದೇ ಪದೇ ಕೀಳುವುದು, ಮೊಡವೆ ಅಥವಾ ಗಾಯದ ಹಕ್ಕಳೆಯನ್ನು ಚಿವುಟಿ ಹುಣ್ಣು ಮಾಡಿಕೊಳ್ಳುವುದು ಕೇವಲ ಕೆಟ್ಟ ಚಾಳಿ ಎಂಬ ಭಾವನೆ ಸಾರ್ವಜನಿಕರಲ್ಲಿದೆ. ಹಲವು ಬಾರಿ ಪ್ರಯತ್ನಿಸಿಯೂ ನಿಲ್ಲಿಸಲಾಗದೆ, ಅದರಿಂದ ನಿತ್ಯಜೀವನಕ್ಕೆ ತೊಂದರೆಯಾಗುತ್ತಿದ್ದಲ್ಲಿ ಅದು ಚಿಕಿತ್ಸೆ ಪಡೆಯಬೇಕಾದ ಕಾಯಿಲೆಯಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೊಳಿಸಿದ ರೋಗಗಳ ವರ್ಗೀಕರಣದಲ್ಲಿ ಇವೆರಡನ್ನೂ ಗೀಳು ಕಾಯಿಲೆಗಳ ಗುಂಪಿನಲ್ಲಿ ಸೇರಿಸಲಾಗಿದೆ.

ಲಕ್ಷಣಗಳು

ಈ ಗೀಳು ಸಾಮಾನ್ಯವಾಗಿ ಹದಿಹರೆಯದ ಆರಂಭದಲ್ಲಿ ಕಾಣಿಸಿಕೊಳ್ಳುತ್ತದೆ. ಓದುವಾಗ, ದೂರದರ್ಶನ ನೋಡುವಾಗ, ಕನ್ನಡಿಯ ಮುಂದೆ ನಿಂತಾಗ ಕೈ ತಾನಾಗಿಯೇ ಕೂದಲಿಗೋ ಚರ್ಮಕ್ಕೋ ಹೋಗುತ್ತದೆ. ಕಿತ್ತ ಕ್ಷಣ ನೆಮ್ಮದಿ ಎನಿಸಿದರೂ ನಂತರ ನಾಚಿಕೆ ಕಾಡುತ್ತದೆ. ಕರಾವಳಿಯ ಸೆಕೆಯಲ್ಲಿ ಏಳುವ ಬೆವರುಸಾಲೆ, ಸೊಳ್ಳೆ ಕಡಿತದ ಗುರುತುಗಳೂ ಚಿವುಟುವ ಕೈಗೆ ನೆಪವಾಗುತ್ತವೆ. ಮಲ್ಲಿಗೆ ಮುಡಿಯಲು ಕೂದಲಿಲ್ಲವೆಂದು ಮದುವೆ, ಹಬ್ಬಗಳಿಂದ ದೂರ ಉಳಿಯುವವರ ಸಂಕಟ ಹೊರಗೆ ಕಾಣುವುದಿಲ್ಲ.

ಮನೆಯವರು ಗಮನಿಸಬೇಕಾದುದು

ಗದರಿಸುವುದರಿಂದ, ಶಿಕ್ಷಿಸುವುದರಿಂದ ಆತಂಕ ಹೆಚ್ಚಿ ಗೀಳೂ ಹೆಚ್ಚಬಹುದು. ಹರಕೆಯ ಮುಡಿ ಕೊಡುವುದು ಅವರವರ ಶ್ರದ್ಧೆಗೆ ಸೇರಿದ್ದು. ಆದರೆ ತಲೆ ಬೋಳಿಸುವುದು ಚಿಕಿತ್ಸೆಯಲ್ಲ. ಕೂದಲು ಮರಳಿ ಬೆಳೆದಾಗ ಗೀಳೂ ಮರಳಬಹುದು. ಕಿತ್ತ ಕೂದಲನ್ನು ನುಂಗುವ ಅಭ್ಯಾಸವಿದ್ದು, ಹೊಟ್ಟೆನೋವು ಅಥವಾ ವಾಂತಿ ಕಂಡುಬಂದಲ್ಲಿ ವಿಳಂಬ ಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಹೊಟ್ಟೆಯಲ್ಲಿ ಕೂದಲಿನ ಗಂಟು ಕಟ್ಟಿ ಶಸ್ತ್ರಚಿಕಿತ್ಸೆಯ ಅಗತ್ಯ ಬೀಳಬಹುದು. ಚಿವುಟಿದ ಗಾಯ ಕೀವಾದಲ್ಲಿ, ಅದರಲ್ಲೂ ಮಧುಮೇಹಿಗಳು, ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು.

ಚಿಕಿತ್ಸಾ ಕ್ರಮ

ಮೊದಲು ಕಜ್ಜಿ, ಹುಳುಕಡ್ಡಿ ಮುಂತಾದ ಚರ್ಮರೋಗಗಳಿಲ್ಲವೆಂದು ವೈದ್ಯರು ಖಚಿತಪಡಿಸಿಕೊಳ್ಳುತ್ತಾರೆ. ನಂತರ, 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಜ್ರಿನ್ ಮತ್ತು ನನ್ ಪ್ರಕಟಿಸಿದ ಅಭ್ಯಾಸ ಬದಲಾವಣೆಯ ತರಬೇತಿಯನ್ನು ನೀಡಬಹುದಾಗಿದೆ. ಇದರಲ್ಲಿ ಕೈ ಯಾವಾಗ ಏಳುತ್ತದೆ ಎಂಬುದನ್ನು ಬರೆದಿಡುವುದು, ಆ ಕ್ಷಣದಲ್ಲಿ ಮುಷ್ಟಿ ಬಿಗಿಹಿಡಿಯುವುದು, ಉಗುರು ಕತ್ತರಿಸಿಕೊಳ್ಳುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಸೇರಿವೆ. ಔಷಧಿಯ ಅಗತ್ಯವನ್ನು ಮನೋವೈದ್ಯರೇ ನಿರ್ಧರಿಸುತ್ತಾರೆ. ಗೀಳು ಮರುಕಳಿಸಿದರೆ ಅದನ್ನು ಸೋಲೆಂದು ಭಾವಿಸದೆ ಚಿಕಿತ್ಸೆಯನ್ನು ಮುಂದುವರಿಸತಕ್ಕದ್ದು.

ಸೇವೆ ಪಡೆಯುವ ವಿಧಾನ

ಮೂರೂ ತಾಲ್ಲೂಕುಗಳ ಸಾರ್ವಜನಿಕರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರ ಅಥವಾ ಕುಂದಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಪಡೆದು ವೈದ್ಯರನ್ನು ಕಂಡು, ಮನೋವೈದ್ಯರ ಭೇಟಿಯ ದಿನವನ್ನು ವಿಚಾರಿಸಬಹುದು. ಅಗತ್ಯವಿದ್ದಲ್ಲಿ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಪತ್ರ ಕೋರಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದಾಗಿದೆ.

ಕಾನೂನಿನ ರಕ್ಷಣೆ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಕಲಂ 18ರನ್ವಯ ಸರ್ಕಾರದಿಂದ ನಡೆಯುವ ಅಥವಾ ಅನುದಾನ ಪಡೆಯುವ ಮಾನಸಿಕ ಆರೋಗ್ಯ ಸೇವೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕಾಗಿರುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಅವರಲ್ಲಿ ಬಿ.ಪಿ.ಎಲ್. ಕಾರ್ಡ್ ಇಲ್ಲದಿದ್ದರೂ, ಈ ಸೇವೆ ಉಚಿತವಾಗಿ ದೊರೆಯತಕ್ಕದ್ದು. ಕಲಂ 23ರಂತೆ ರೋಗಿಯ ವಿವರಗಳನ್ನು ಗೌಪ್ಯವಾಗಿಡತಕ್ಕದ್ದು. ಆದುದರಿಂದ ಊರವರಿಗೆ ತಿಳಿದೀತೆಂಬ ಅಂಜಿಕೆಯಿಂದ ಯಾರೂ ಚಿಕಿತ್ಸೆಯನ್ನು ಮುಂದೂಡಬಾರದಾಗಿ ಕೋರಲಾಗಿದೆ.